ಹೊಸ ಕೋಚ್ ಬಂದರೆ ಸ್ಟ್ರೈಕರ್ ಹುಡುಕಬೇಡಿ, ಗೋಲಿಯ ಕಾಲು ನೋಡಿ

ಎರಡು ವರ್ಷದ ಹಿಂದೆ ನಮ್ಮ ಫುಟ್‌ಬಾಲ್ ಟೀಮಿಗೆ ಹೊಸ ಕೋಚ್ ಬಂದರು. ಮೊದಲ ದಿನವೇ "ಇನ್ನ ಮುಂದ ಅಟ್ಯಾಕ್ ಆಡೋಣ್ರಿ" ಅಂದರು. ಕಮಿಟಿಯವರಿಗೆಲ್ಲ ಖುಷಿಯೋ ಖುಷಿ. ಅಟ್ಯಾಕ್ ಅಂದ ಕೂಡಲೇ ನಮ್ಮ ತಲೆಗೆ ಬಂದದ್ದು ಒಂದೇ: ಗೋಲು ಹೊಡೆಯುವವನು ಬೇಕು. ಬೆಳಗಾವಿಯಿಂದ ಒಬ್ಬ ಸ್ಟ್ರೈಕರ್‌ನನ್ನು ಒಪ್ಪಿಸಿ ಕರೆತಂದೆವು. ಬಸ್ ಚಾರ್ಜು, ಬೂಟು, ಮ್ಯಾಚ್ ದಿನದ ಊಟ ಎಲ್ಲ ನಮ್ಮದೇ. ಹುಡುಗ ಒಳ್ಳೆಯವನು, ಆಟವೂ ಚೆನ್ನಾಗಿತ್ತು. ಆದರೆ ಮೊದಲ ನಾಲ್ಕು ಮ್ಯಾಚಿನಲ್ಲಿ ಅವನ ಕಾಲಿಗೆ ಸರಿಯಾಗಿ ಬಂದ ಚೆಂಡು ಎಣಿಸಲು ಒಂದು ಕೈಯ ಬೆರಳು ಸಾಕಿತ್ತು. ನಮ್ಮ ಬ್ಯಾಕ್‌ಗಳು ಹಿಂದಿನಿಂದ ಎತ್ತಿ ಒದೆಯುತ್ತಿದ್ದರು, ಅದು ಆಕಾಶ ನೋಡಿಕೊಂಡು ಬಂದು ಎದುರಾಳಿಯ ತಲೆ ಮೇಲೆ ಬೀಳುತ್ತಿತ್ತು, ಇವನು ಕರೆಯದ ಮದುವೆಗೆ ಬಂದವನ ಹಾಗೆ ಮಧ್ಯದಲ್ಲಿ ನಿಂತಿರುತ್ತಿದ್ದ.

ನಾಲ್ಕನೇ ಮ್ಯಾಚ್ ಸೋತ ಸಂಜೆ ಗಿರಮಿಟ್ ತಿನ್ನುತ್ತಾ ಕೋಚ್ ಹೇಳಿದರು: "ಸರ, ನೀವು ನಳ ಹೊಸಾದು ಹಾಕೀರಿ. ಪೈಪು ಹಳೇದ ಐತಿ." ಹುಬ್ಬಳ್ಳಿಯವರಿಗೆ ನೀರಿನ ಉದಾಹರಣೆ ಕೊಟ್ಟರೆ ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆಮೇಲೆ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ-ಧಾರವಾಡದಲ್ಲೋ, ಗದಗದಲ್ಲೋ, ಹಾವೇರಿಯಲ್ಲೋ ಕಾಲೇಜು ಟೀಮು, ಓಣಿ ಟೀಮು ನೋಡಿಕೊಳ್ಳುವವರು ನೀವಾಗಿದ್ದರೆ, ಹೊಸ ಕೋಚ್ ಬಂದಿದ್ದರೆ ಅಥವಾ ಬರುವವರಿದ್ದರೆ, ಆಟಗಾರರ ಪಟ್ಟಿ ಮುಟ್ಟುವ ಮೊದಲು ಇದನ್ನು ಓದಿ.

ಮೊದಲು ಕೋಚ್ ಜೊತೆ ಒಂದು ಚಹಾ

"ನೀವು 4-3-3 ಆಡಿಸ್ತೀರೋ 3-5-2 ಆಡಿಸ್ತೀರೋ?" ಅಂತ, ಅಂದರೆ ಹಿಂದೆ ಎಷ್ಟು, ಮಧ್ಯೆ ಎಷ್ಟು, ಮುಂದೆ ಎಷ್ಟು ಜನ ಅಂತ ಕೇಳಬೇಡಿ. ಆ ನಂಬರ್‌ಗಳು ಮ್ಯಾಚ್ ಶುರುವಾದ ಐದು ನಿಮಿಷಕ್ಕೆ ಕಲಸಿಹೋಗುತ್ತವೆ. ನಾಲ್ಕೇ ನಾಲ್ಕು ಪ್ರಶ್ನೆ ಕೇಳಿ. ನಾವು ಕೇಳಿದ್ದು ನೆಹರೂ ಮೈದಾನದ ಹತ್ತಿರದ ಒಂದು ಚಹಾದಂಗಡಿಯ ಕಟ್ಟೆ ಮೇಲೆ. ಕೋಚ್ ಖಾಲಿ ಪೇಪರ್ ಕಪ್ಪುಗಳನ್ನು ಬೋರಲು ಹಾಕಿ ಸಾಲಾಗಿ ಇಟ್ಟು ತೋರಿಸಿದರು, ಕಪ್ಪು ಸಾಲದೆ ಬಂದಾಗ ಬೂಟು ಇಟ್ಟರು.

ಮೊದಲ ಪ್ರಶ್ನೆ. ನಮ್ಮ ಗೋಲಿಯ, ಅಂದರೆ ಗೋಲ್ ಕೀಪರ್‌ನ, ಹತ್ತಿರ ಚೆಂಡು ಇದೆ, ಮುಂದೇನು? ಪಕ್ಕದ ಬ್ಯಾಕ್‌ಗೆ ಸಣ್ಣ ಪಾಸಾ, ಇಲ್ಲಾ ದೂರಕ್ಕೆ ಒದೆತವಾ? "ಸಣ್ಣ ಪಾಸು" ಅಂದರೆ ನಿಮ್ಮ ಗೋಲಿ ಮತ್ತು ಹಿಂದೆ ಮಧ್ಯದಲ್ಲಿ ನಿಲ್ಲುವ ಇಬ್ಬರು ಸೆಂಟರ್ ಬ್ಯಾಕ್‌ಗಳಿಗೆ ಕಾಲಿನ ಕೆಲಸ ಬರಬೇಕು. ದೂರಕ್ಕೆ ಅಂದರೆ ಮುಂದೆ ಎತ್ತರದ ಒಬ್ಬ ಬೇಕು, ಅವನ ತಲೆಯಿಂದ ಉದುರಿದ ಚೆಂಡಿಗೆ ಹಾರಿ ಬೀಳುವ ಇಬ್ಬರು ಬೇಕು.

ಎರಡನೆಯದು. ಚೆಂಡು ಕಳೆದುಕೊಂಡ ಮುಂದಿನ 5 ಸೆಕೆಂಡಿನಲ್ಲಿ ಏನು ಮಾಡಬೇಕು? "ಅಲ್ಲೇ ಮೇಲೆ ಬೀಳಬೇಕು" ಅಂದರೆ ಅದು ಪ್ರೆಸ್ಸಿಂಗ್. ಮುಂದಿನವರು ಓಡಿ ಸುಸ್ತಾಗದವರು ಆಗಿರಬೇಕು. ಅಷ್ಟೇ ಅಲ್ಲ, ಮುಂದಿನವರು ಮೇಲೆ ಹೋದರೆ ಹಿಂದಿನವರೂ ಅರ್ಧ ಮೈದಾನದವರೆಗೆ ಮೇಲೆ ಬರಬೇಕು, ಆಗ ಬೆನ್ನ ಹಿಂದೆ 40 ಮೀಟರ್ ಖಾಲಿ ಜಾಗ ಉಳಿಯುತ್ತದೆ, ಅಲ್ಲಿ ಬಿದ್ದ ಚೆಂಡಿಗೆ ತಿರುಗಿ ಓಡಬೇಕಾದವನು ನಿಮ್ಮ 34 ವರ್ಷದ ಹಿರಿಯ ಸ್ಟಾಪರ್ (ಸೆಂಟರ್ ಬ್ಯಾಕ್) ಆಗಿದ್ದರೆ ಆ ದಿನ ಕಷ್ಟ. "ಓಡಿ ಹಿಂದೆ ಬಂದು ಸಾಲು ಕಟ್ಟಬೇಕು" ಅಂದರೆ ಅದೇ ಹಿರಿಯ ನಿಮಗೆ ಬಂಗಾರ, ಆದರೆ ಮುಂದೆ ಬೈಕಿನ ಹಾಗೆ ಎದ್ದು ಹೋಗುವ ಒಬ್ಬ ಬೇಕೇ ಬೇಕು.

ಮೂರನೆಯದು. ಮೈದಾನದ ಎರಡು ಅಂಚಿನಲ್ಲಿ ಯಾರು ನಿಲ್ಲುತ್ತಾರೆ? ಅಂಚಿನಲ್ಲಿ ಆಡುವ ವಿಂಗರ್ ಗೆರೆಗುಂಟ ನಿಂತರೆ ಅವನ ಹಿಂದಿನ ಬ್ಯಾಕ್ ಆರಾಮಾಗಿ ಹಿಂದೆ ಇರಬಹುದು. ವಿಂಗರ್ ಒಳಗೆ ಬರುವವನಾದರೆ ಆ ಅಂಚನ್ನು ಬ್ಯಾಕ್ ತುಂಬಬೇಕು, ಇಡೀ ಮ್ಯಾಚ್ ಮೇಲೆ ಕೆಳಗೆ ಓಡಬೇಕು. ನಮ್ಮ ಕಡೆ ಇಂಥ ಹುಡುಗರು ಸಿಗೋದೇ ಕಮ್ಮಿ. ಯಾಕಂದ್ರೆ ಆಟ ಬಾರದವನನ್ನು ಬ್ಯಾಕ್ ನಿಲ್ಲಿಸೋದು ಶಾಲೆಯಿಂದಲೂ ನಮ್ಮ ಪದ್ಧತಿ.

ನಾಲ್ಕನೆಯದು ಸಣ್ಣದು. ಅಂಚಿನಿಂದ ಕ್ರಾಸ್ ಬಂದಾಗ ಗೋಲಿನ ಮುಂದಿನ ಬಾಕ್ಸಿನಲ್ಲಿ ನಮ್ಮವರು ಎಷ್ಟು ಜನ? ಇಬ್ಬರೇ ಅಂದರೆ ತಲೆ ಬಳಸೋ ಗಟ್ಟಿಗರು ಸಾಕು. ನಾಲ್ಕು ಜನ ಅಂದರೆ ಮಿಡ್‌ಫೀಲ್ಡಿನಿಂದ ಓಡಿ ಬಂದು ಗೋಲು ಹೊಡೆಯುವವನು ಬೇಕು, ಮತ್ತು ಅವನು ಬಿಟ್ಟುಬಂದ ಜಾಗ ಕಾಯುವ ಇನ್ನೊಬ್ಬ.

ಈ ನಾಲ್ಕರಲ್ಲಿ ಎಲ್ಲಾದರೂ ಸ್ಟ್ರೈಕರ್ ಹೆಸರು ಮೊದಲು ಬಂತಾ? ಬರಲಿಲ್ಲ.

ದೊಡ್ಡವರೂ ಹಿಂದಿನಿಂದಲೇ ಶುರು ಮಾಡಿದ್ದು

ಪೆಪ್ ಗಾರ್ಡಿಯೋಲಾ 2016ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿಗೆ ಕೋಚ್ ಆಗಿ ಬಂದಾಗ ಅಲ್ಲಿ ಸರ್ಹಿಯೋ ಅಗ್ವೆರೋ ಅನ್ನೋ ದೊಡ್ಡ ಸ್ಟ್ರೈಕರ್ ಇದ್ದ, 2011ರಿಂದಲೂ ಇದ್ದ. ಅವರು ಮೊದಲು ಕೈ ಹಾಕಿದ್ದು ಗೋಲಿಗೆ. ಜೋ ಹಾರ್ಟ್ ಅಂದರೆ ಆಗ ಇಂಗ್ಲೆಂಡ್ ತಂಡದ ಗೋಲಿ, ಸಿಟಿ ಅಭಿಮಾನಿಗಳ ಕಣ್ಮಣಿ. ಅವನನ್ನು ಇಟಲಿಯ ಟೊರಿನೋಗೆ ಸಾಲ ಕೊಟ್ಟು, ಅಂದರೆ ಸ್ವಲ್ಪ ಕಾಲ ಆಡಲು ಕಳಿಸಿ, ಕಾಲಲ್ಲಿ ಪಾಸ್ ಕೊಡಬಲ್ಲ ಕ್ಲಾಡಿಯೋ ಬ್ರಾವೋನನ್ನು ಬಾರ್ಸಿಲೋನಾದಿಂದ ತಂದರು. ಬ್ರಾವೋ ಅಲ್ಲಿ ಸರಿಹೋಗಲಿಲ್ಲ, ಆ ವರ್ಷ ಒಂದೂ ಕಪ್ ಬರಲಿಲ್ಲ, ಜನ ನಕ್ಕರು. ಆದರೆ ಪೆಪ್ ಆಟ ಬದಲಿಸಲಿಲ್ಲ, ಮತ್ತೆ ಗೋಲಿಯನ್ನೇ ಬದಲಿಸಿದರು. 2017ರಲ್ಲಿ ಬೆನ್ಫಿಕಾದಿಂದ ಎಡರ್ಸನ್ ಬಂದ. ಅದೇ ಬೇಸಿಗೆಯಲ್ಲಿ ವಯಸ್ಸಾದ, ಅಂಚು ಕಾಯುವ ಫುಲ್ ಬ್ಯಾಕ್‌ಗಳು ಜಬಲೇಟಾ, ಸಾನ್ಯಾ, ಕ್ಲಿಶಿ, ಕೊಲರೋವ್ ನಾಲ್ವರೂ ಹೊರಗೆ, ವಾಕರ್, ಡ್ಯಾನಿಲೋ, ಮೆಂಡಿ ಒಳಗೆ. ಬ್ಯಾಕ್‌ಗಳಿಗೆ ಇಷ್ಟು ದುಡ್ಡಾ ಅಂತ ಮತ್ತೆ ಎಲ್ಲರೂ ಮಾತಾಡಿಕೊಂಡರು. 2017-18ರಲ್ಲಿ ಆ ಟೀಮು 100 ಪಾಯಿಂಟ್ ಮಾಡಿತು, 106 ಗೋಲು ಹೊಡೆಯಿತು.

ಇದರಲ್ಲಿ ನಮಗೆ ಉಪಯೋಗಕ್ಕೆ ಬರೋದು ಒಂದು ಸಣ್ಣ ವಿಷಯ. ಮೆಂಡಿಗೆ ಸೀಸನ್ ಶುರುವಿನಲ್ಲೇ ಮೊಣಕಾಲಿಗೆ ಪೆಟ್ಟು ಬಿತ್ತು. ಆಗ ಎಡ ಬ್ಯಾಕ್ ಜಾಗದಲ್ಲಿ ಆಡಿದ್ದು ಫೇಬಿಯನ್ ಡೆಲ್ಫ್, ಮಿಡ್‌ಫೀಲ್ಡರ್. ಜಿನ್ಚೆಂಕೋ ಕೂಡ ಅಷ್ಟೇ, ಮಧ್ಯದಿಂದ ಬಂದವನು. ಅಂದರೆ ಬ್ಯಾಕ್ ಬೇಕು ಅಂದರೆ ಬ್ಯಾಕ್‌ಗಳ ಗುಂಪಿನಲ್ಲೇ ಹುಡುಕಬೇಕು ಅಂತಿಲ್ಲ. ಚೆಂಡು ಕಾಲಲ್ಲಿ ನಿಲ್ಲುವ, ತಲೆ ಎತ್ತಿ ನೋಡುವ ಹುಡುಗ ಯಾವ ಜಾಗದಲ್ಲಿ ಆಡುತ್ತಿದ್ದರೂ ಸರಿ, ಅವನನ್ನು ಹಿಂದೆ ತರಬಹುದು.

ನಮ್ಮ ದೇಶದಲ್ಲೇ ಇದರ ಚೆಂದದ ಉದಾಹರಣೆ ಇದೆ. ಸರ್ಹಿಯೋ ಲೊಬೇರಾ ಅನ್ನೋ ಕೋಚ್ 2017ರಲ್ಲಿ ಎಫ್‌ಸಿ ಗೋವಾಕ್ಕೆ ಬಂದರು. ಚೆಂಡು ಇಟ್ಟುಕೊಂಡು ಆಡುವ, ಗೋಲು ಜಾಸ್ತಿ ಹೊಡೆಯುವ ಆಟ. ಅಲ್ಲಿ ಮಂದಾರ್ ರಾವ್ ದೇಸಾಯಿ ಎಡ ವಿಂಗರ್ ಆಗಿದ್ದ. ಲೊಬೇರಾ ಅವನನ್ನು ಎಡ ಬ್ಯಾಕ್ ಮಾಡಿದರು. 2020ರಲ್ಲಿ ಅವರು ಮುಂಬೈ ಸಿಟಿಗೆ ಹೋದಾಗ ಜೊತೆಗೆ ಅಹ್ಮದ್ ಜಾಹೂ, ಮೂರ್ತಾದಾ ಫಾಲ್, ಹ್ಯೂಗೋ ಬೂಮೂಸ್, ಮಂದಾರ್ ನಾಲ್ವರೂ ಅಲ್ಲಿಗೇ ಹೋದರು. 2020-21ರಲ್ಲಿ ಮುಂಬೈ ಲೀಗ್ ಶೀಲ್ಡ್ ಗೆದ್ದಿತು, ಕಪ್ಪೂ ಗೆದ್ದಿತು. 2023ರಲ್ಲಿ ಲೊಬೇರಾ ಒಡಿಶಾಕ್ಕೆ ಹೋದಾಗ ಜಾಹೂ, ಫಾಲ್ ಮತ್ತೆ ಅವರ ಹಿಂದೆ. ಈ ಇಬ್ಬರು ಯಾರು ಅಂತ ನೋಡಿ: ಒಬ್ಬ ಹಿಂದೆ ನಿಂತು ಚೆಂಡು ಹಂಚುವ ಮಿಡ್‌ಫೀಲ್ಡರ್, ಇನ್ನೊಬ್ಬ ಸೆಂಟರ್ ಬ್ಯಾಕ್. ಅಡುಗೆ ಭಟ್ಟ ಮನೆ ಬದಲಿಸಿದಾಗ ತನ್ನ ಸೌಟು, ತನ್ನ ಬಾಣಲೆ ಒಯ್ಯುತ್ತಾನಲ್ಲ, ಹಾಗೆ. ನಿಮ್ಮ ಹೊಸ ಕೋಚನ್ನೂ ಕೇಳಿ: "ನಿಮ್ಮ ಹಳೆ ಟೀಮಿನಿಂದ ಇಬ್ಬರನ್ನ ಮಾತ್ರ ತರಬಹುದು ಅಂದ್ರೆ ಯಾರನ್ನ ತರ್ತೀರಿ?" ಆ ಇಬ್ಬರ ಹೆಸರಿಗಿಂತ ಅವರು ಆಡುವ ಜಾಗ ಮುಖ್ಯ. ಕೋಚ್ ಮನಸ್ಸಿನ ಆಟ ಏನು ಅಂತ ಅದೇ ಹೇಳಿಬಿಡುತ್ತದೆ.

ಉಲ್ಟಾ ಕತೆಯೂ ಇದೆ. ರುಬೆನ್ ಅಮೊರಿಮ್ ಅನ್ನೋ ಕೋಚ್ 2024ರ ನವೆಂಬರಿನಲ್ಲಿ, ಸೀಸನ್ ನಡೆಯುತ್ತಿರುವಾಗಲೇ, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು. ಮೂರು ಸೆಂಟರ್ ಬ್ಯಾಕ್, ಎರಡೂ ಅಂಚಿಗೆ ಮೇಲೆ ಕೆಳಗೆ ಓಡುವ ವಿಂಗ್ ಬ್ಯಾಕ್, ಇದು ಅವರ ಆಟ. ಟೀಮಿನಲ್ಲಿ ಆ ಕೆಲಸಕ್ಕೇ ಅಂತ ಹುಟ್ಟಿದ ವಿಂಗ್ ಬ್ಯಾಕ್‌ಗಳು ಇರಲಿಲ್ಲ. ಪ್ಯಾಟ್ರಿಕ್ ಡೊರ್ಗು ಅಂತ ಒಬ್ಬ ಹುಡುಗ ಇಟಲಿಯ ಲೆಚ್ಚೆಯಿಂದ ಬರುವಷ್ಟರಲ್ಲಿ ಫೆಬ್ರುವರಿ ಆಗಿತ್ತು. ಲೀಗ್ ಮುಗಿದಾಗ 15ನೇ ಸ್ಥಾನ. ಅಷ್ಟು ದುಡ್ಡಿರುವ ಕ್ಲಬ್ಬಿಗೇ ಹೀಗಾದರೆ ಚಂದಾ ಎತ್ತಿ ಟೀಮು ನಡೆಸುವ ನಾವು ಇನ್ನಷ್ಟು ಹುಷಾರಾಗಿರಬೇಕು ಅಲ್ವಾ? ಸೀಸನ್ ಮಧ್ಯೆ ಕೋಚ್ ಬದಲಾದರೆ ಅವರ ಆಟ ಪೂರ್ತಿ ಬೇಕು ಅಂತ ಹಠ ಹಿಡಿಯಬೇಡಿ. ಇರುವವರಿಗೆ ಹೊಂದುವಷ್ಟು ಮಾತ್ರ ತನ್ನಿ.

ದುಡ್ಡಿಲ್ಲದವರಿಗೆ ನನ್ನ ಇಷ್ಟದ ಪಾಠ ಕೋಚ್ ಮಾರ್ಸೆಲೋ ಬಿಯೆಲ್ಸಾ ಅವರದ್ದು. 2018ರಲ್ಲಿ ಅವರು ಇಂಗ್ಲೆಂಡಿನ ಲೀಡ್ಸ್‌ಗೆ ಬಂದಾಗ ಆ ಟೀಮು ಎರಡನೇ ದರ್ಜೆಯ ಲೀಗಿನಲ್ಲಿ 13ನೇ ಸ್ಥಾನದಲ್ಲಿ ಮುಗಿಸಿತ್ತು. ಬಿಯೆಲ್ಸಾ ಹೊಸಬರನ್ನು ರಾಶಿ ಹಾಕಿಸಲಿಲ್ಲ. ಇದ್ದವರ ಕೆಲಸ ಬದಲಿಸಿದರು. ಮಧ್ಯದಲ್ಲಿ ಮೇಲೆ ಕೆಳಗೆ ಓಡಾಡಿಕೊಂಡಿದ್ದ ಕ್ಯಾಲ್ವಿನ್ ಫಿಲಿಪ್ಸ್‌ನನ್ನು ಬ್ಯಾಕ್‌ಗಳ ಮುಂದೆ ನಿಲ್ಲಿಸಿ, ಆಟ ಅಲ್ಲಿಂದ ಶುರುವಾಗುವಂತೆ ಮಾಡಿದರು. ಹಿಂದಿನ ವರ್ಷ ಸಾಲಕ್ಕೆ ಹೊರಗೆ ಹೋಗಿದ್ದ ಕ್ಲಿಚ್‌ಗೆ ಮಧ್ಯದಲ್ಲಿ ಜಾಗ ಕೊಟ್ಟರು. ಮೊದಲ ವರ್ಷ 3ನೇ ಸ್ಥಾನ, ಎರಡನೇ ವರ್ಷ ಚಾಂಪಿಯನ್, ಮೇಲಿನ ಲೀಗಿಗೆ ಬಡ್ತಿ. ಫಿಲಿಪ್ಸ್ ಇಂಗ್ಲೆಂಡ್ ಟೀಮಿಗೇ ಹೋದ.

ಹೆಸರು ಬರೆಯಬೇಡಿ, ಕೆಲಸ ಬರೆಯಿರಿ

ಈಗ ಒಂದು ನೋಟ್‌ಬುಕ್ ತಗೊಳ್ಳಿ. ಹನ್ನೊಂದು ಸಾಲು ಹಾಕಿ. ಪ್ರತಿ ಸಾಲಿನಲ್ಲಿ "ರೈಟ್ ಬ್ಯಾಕ್", "ಸ್ಟಾಪರ್" ಅಂತ ಜಾಗದ ಹೆಸರು ಬೇಡ. ಆ ಜಾಗದಲ್ಲಿ ನಿಂತವನು ಈ ಕೋಚ್ ಆಟದಲ್ಲಿ ಏನು ಮಾಡಬೇಕು ಅಂತ ಒಂದು ವಾಕ್ಯ ಬರೆಯಿರಿ. "ಎಡ ಗೆರೆಗುಂಟ ಕೊನೇ ನಿಮಿಷದವರೆಗೆ ಓಡಬೇಕು, ಎಡಗಾಲಲ್ಲಿ ಕ್ರಾಸ್ ಹಾಕಬೇಕು." "ಬೆನ್ನ ಮೇಲೆ ಎದುರಾಳಿ ಇದ್ದರೂ ಚೆಂಡು ತಗೊಂಡು ತಿರುಗಬೇಕು." "ಎದುರಾಳಿ ಗೋಲಿ ಮೇಲೆ ಓಡುತ್ತಲೇ ಅವನ ಬಲಗಡೆ ಪಾಸ್ ಕಟ್ ಮಾಡಬೇಕು." ಕೋಚ್ ಪಕ್ಕದಲ್ಲೇ ಕೂತಿರಲಿ. ಅವರಿಗೇ ಒಂದು ಸಾಲಿಗೆ ಏನು ಬರೆಯಬೇಕು ಅಂತ ತಿಳಿಯದಿದ್ದರೆ ಆ ಜಾಗದ ಬಗ್ಗೆ ಅವರಿನ್ನೂ ಯೋಚಿಸಿಲ್ಲ ಅಂತ ಅರ್ಥ, ಅದು ಈಗಲೇ ಗೊತ್ತಾಗೋದು ಒಳ್ಳೇದು.

ಆಮೇಲೆ ಪೆನ್ಸಿಲಿನಲ್ಲಿ ಪಕ್ಕಕ್ಕೆ ಇರುವವರ ಹೆಸರು ಹಾಕಿ. ಪೆನ್ಸಿಲ್ ಯಾಕೆ ಅಂದರೆ ಅಳಿಸುತ್ತೀರಿ, ತುಂಬಾ ಅಳಿಸುತ್ತೀರಿ. ನಮ್ಮ ಹಾಳೆಯಲ್ಲಿ ಸ್ಟ್ರೈಕರ್ ಸಾಲಿನ ಪಕ್ಕ ಆರು ಹೆಸರು. ಎಡ ಬ್ಯಾಕ್ ಪಕ್ಕ ಸೊನ್ನೆ. ಗೋಲಿ ಪಕ್ಕ ಒಂದು ಹೆಸರು, ಅದರ ಮುಂದೆ ಕೋಚ್ ಹಾಕಿದ ಪ್ರಶ್ನೆ ಚಿಹ್ನೆ. ಊರೆಲ್ಲ ಸ್ಟ್ರೈಕರೇ! ಅಂಥದ್ದರಲ್ಲಿ ಏಳನೆಯವನನ್ನು ಬೆಳಗಾವಿಯಿಂದ ತಂದಿದ್ದೆವು ನಾವು.

ಖಾಲಿ ಇರುವ ಸಾಲು ಎಲ್ಲಿದೆಯೋ ನಿಮ್ಮ ದುಡ್ಡು, ನಿಮ್ಮ ಫೋನು, ನಿಮ್ಮ ಓಡಾಟ ಎಲ್ಲ ಅಲ್ಲಿಗೆ ಹೋಗಬೇಕು. ಎರಡು ಹೆಸರಿದ್ದರೆ ಸಾಕು. ನಾಲ್ಕಕ್ಕಿಂತ ಜಾಸ್ತಿ ಇರುವ ಸಾಲಿನಿಂದ ಒಬ್ಬಿಬ್ಬರನ್ನು ಬೇರೆ ಸಾಲಿಗೆ ತಳ್ಳಿ ನೋಡಿ. ನಮ್ಮ ಆರು ಮುಂದಾಳುಗಳಲ್ಲಿ ಒಬ್ಬನಿಗೆ ಗೋಲು ಹೊಡೆಯೋದು ಅಷ್ಟಕ್ಕಷ್ಟೇ, ಆದರೆ ಓಟ ನಿಲ್ಲುತ್ತಿರಲಿಲ್ಲ, ಎಡಗಾಲಿನ ಆಟಗಾರ ಬೇರೆ. ಅವನೇ ಈಗ ನಮ್ಮ ಎಡ ಬ್ಯಾಕ್. ಒಂದು ತಿಂಗಳು ಮುಖ ಊದಿಸಿಕೊಂಡಿದ್ದ, ಆಮೇಲೆ ಸರಿಹೋದ.

ಗೋಲಿ ಪರೀಕ್ಷೆ

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದ್ರೆ ನಮ್ಮ ಟೀಮು ಬದಲಾದದ್ದು ಇಲ್ಲಿಂದ.

ನಮ್ಮ ಹಳೇ ಗೋಲಿ ಕೈ ಬಂಗಾರ, ಕಾಲು ಕಟ್ಟಿಗೆ. ಅವನ ತಪ್ಪಲ್ಲ ಅದು, ಅವನಿಗೆ ಯಾರೂ ಕಾಲಿನ ಕೆಲಸ ಹೇಳಿಕೊಟ್ಟಿರಲಿಲ್ಲ. 1992ರ ಮೊದಲು ಸ್ವಂತ ಟೀಮಿನವನು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಆ ವರ್ಷ ನಿಯಮ ಬಂತು, ಬೇಕಂತಲೇ ಒದ್ದು ಕೊಟ್ಟದ್ದನ್ನು ಕೈಯಿಂದ ಮುಟ್ಟುವ ಹಾಗಿಲ್ಲ. 2019ರಲ್ಲಿ ಇನ್ನೊಂದು ಬದಲಾವಣೆ: ಗೋಲ್ ಕಿಕ್ ಬಾಕ್ಸಿನಿಂದ ಹೊರಗೆ ಹೋಗಲೇಬೇಕು ಅಂತಿಲ್ಲ, ಒಳಗೇ ನಿಂತ ಬ್ಯಾಕ್‌ಗೆ ಕೊಡಬಹುದು. ಈ ಎರಡರ ನಡುವೆ ಗೋಲಿ ಅನ್ನುವ ಕೆಲಸವೇ ಬದಲಾಗಿಹೋಯಿತು. ನಮ್ಮ ಮೈದಾನಗಳಿಗೆ ಆ ಸುದ್ದಿ ಇನ್ನೂ ಸರಿಯಾಗಿ ಬಂದಿಲ್ಲ ಅಷ್ಟೇ.

ಕೋಚ್ ಮಾಡಿದ ಪರೀಕ್ಷೆ ಸುಲಭದ್ದು, ನೀವೂ ಮಾಡಬಹುದು. ಗೋಲಿನಿಂದ 25 ಮೀಟರ್ ದೂರದಲ್ಲಿ ಎಡಕ್ಕೊಂದು ಬಲಕ್ಕೊಂದು ಬಾಗಿಲು ಮಾಡಿ, ಎರಡು ಇಟ್ಟಿಗೆ ಇಟ್ಟರೂ ಆಯಿತು, ನಡುವೆ 2 ಮೀಟರ್ ಬಿಡಿ. ಇಪ್ಪತ್ತು ಚೆಂಡು, ಹತ್ತು ಬಲಗಾಲಿಗೆ ಹತ್ತು ಎಡಗಾಲಿಗೆ. ಪ್ರತಿ ಸಲ ಚೆಂಡು ಗೋಲಿಯ ಕಡೆ ಹೊರಟ ಕೂಡಲೇ ಒಬ್ಬ ಹುಡುಗ ಬಾಕ್ಸಿನ ಅಂಚಿನಿಂದ ಅವನ ಮೇಲೆ ಓಡಿ ಬರಬೇಕು. ಎರಡೇ ಟಚ್, ಬಾಗಿಲಿನಿಂದ ಪಾಸಾಗಬೇಕು.

ಹಳೇ ಗೋಲಿಗೆ 6 ಆಯಿತು. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದ ಕಾಲೇಜು ಹುಡುಗನಿಗೆ 13. ಈ ಹುಡುಗ ನಮ್ಮಲ್ಲಿ ಮೂರನೇ ಗೋಲಿ, ಶಾಲೆಯಲ್ಲಿ ಮಿಡ್‌ಫೀಲ್ಡ್ ಆಡುತ್ತಿದ್ದವನು, ಒಂದು ದಿನ ಗೋಲಿ ಬಂದಿಲ್ಲ ಅಂತ ನಿಂತವನು ಅಲ್ಲೇ ಉಳಿದುಬಿಟ್ಟಿದ್ದ. ಆದರೆ ಕೋಚ್ ನನ್ನ ಮೊಣಕೈ ತಿವಿದು ತೋರಿಸಿದ್ದು 13 ಅನ್ನುವ ಅಂಕಿಯನ್ನಲ್ಲ. "ತಲಿ ನೋಡ್ರಿ ಅವಂದು" ಅಂದರು. ಚೆಂಡು ಕಾಲಿಗೆ ಬರುವ ಮೊದಲೇ ಹುಡುಗ ಎರಡು ಸಲ ತಲೆ ಎತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಿದ್ದ. ಹಳಬ ಚೆಂಡನ್ನೇ ನೋಡುತ್ತಿದ್ದ, ಬಂದ ಮೇಲೆ ತಲೆ ಎತ್ತುತ್ತಿದ್ದ, ಅಷ್ಟರಲ್ಲಿ ಓಡಿ ಬಂದವನು ಮೈಮೇಲೆ. ಏಳನೇ ಚೆಂಡು ಹುಡುಗನ ಕಾಲು ತಪ್ಪಿತು, ಓಡಿ ಬಂದವನು ಅದನ್ನು ಗೋಲಿನೊಳಗೆ ತಳ್ಳಿ ನಕ್ಕ. ಎಂಟನೆಯದನ್ನು ಹುಡುಗ ಮತ್ತೆ ಸಣ್ಣ ಪಾಸೇ ಕೊಟ್ಟ. ಒಮ್ಮೆ ಪೆಟ್ಟು ತಿಂದ ಮೇಲೆ ಎತ್ತಿ ಒದೆಯದೆ ಅದೇ ಆಟ ಆಡಿದನಲ್ಲ, ಕೋಚ್‌ಗೆ ಬೇಕಾದದ್ದು ಅದು.

ಇದರ ಬೆಲೆಯನ್ನೂ ಹೇಳಬೇಕು. ಆ ಹುಡುಗ ಮೊದಲ ತಿಂಗಳಲ್ಲಿ ನಮಗೆ ಮೂರು ಗೋಲು ಕೊಡಿಸಿದ, ಮೂರೂ ಕಾಲಲ್ಲಿ ಆಡಲು ಹೋಗಿಯೇ. ನೋಡಲು ಬಂದವರು ನನ್ನ ಕಡೆ ತಿರುಗಿ ಏನೇನೋ ಅಂದರು, ಅದನ್ನು ಇಲ್ಲಿ ಬರೆಯೋದು ಬೇಡ. ಕಮಿಟಿಯವರು ಈ ಒಂದು ತಿಂಗಳನ್ನು ತಡೆದುಕೊಳ್ಳಲು ತಯಾರಿಲ್ಲದಿದ್ದರೆ ಈ ಆಟಕ್ಕೆ ಕೈ ಹಾಕಲೇಬೇಡಿ.

ಉಳಿದವರ ಪರೀಕ್ಷೆ ಬೇಗ ಹೇಳಿಬಿಡುತ್ತೇನೆ. ಪ್ರೆಸ್ಸಿಂಗ್ ಆಡುವವರಿಗೆ 15 ಸೆಕೆಂಡ್ ಜೋರು ಓಟ, 30 ಸೆಕೆಂಡ್ ವಿಶ್ರಾಂತಿ, ಹೀಗೆ ಎಂಟು ಸಲ. ಮೊದಲನೇ ಓಟದ ದೂರ ಬಿಡಿ, ಎಂಟನೆಯದು ಮೊದಲಿನದಕ್ಕಿಂತ ಎಷ್ಟು ಕಮ್ಮಿಯಾಯಿತು ನೋಡಿ. ಪಾಸ್ ಆಡುವವರಿಗೆ ಸಣ್ಣ ಚೌಕದಲ್ಲಿ ಐದು ಜನ, ನಡುವೆ ಇಬ್ಬರು ಕಸಿಯುವವರು, ಯಾರು ಒತ್ತಡದಲ್ಲಿ ಚೆಂಡು ಬಿಡುತ್ತಾರೆ ಅಂತ ಎಣಿಸಿ. ಸೆಂಟರ್ ಬ್ಯಾಕ್‌ಗೆ ಅರ್ಧ ಗೆರೆಯಿಂದ ಬೆನ್ನ ಹಿಂದೆ ಚೆಂಡು ಹಾಕಿ, ವಿಂಗರ್ ಜೊತೆ ಓಡಿಸಿ. ಸೋತರೂ ಪರವಾಗಿಲ್ಲ, ಮೊದಲ ಹೆಜ್ಜೆ ಯಾವ ಕಡೆ ಇಟ್ಟ ಅನ್ನೋದು ಮುಖ್ಯ.

ಒಂದು ಎಚ್ಚರಿಕೆ. ಈಗ ಎಲ್ಲ ಕಡೆ ಟರ್ಫ್, ಅಂದರೆ ಪ್ಲಾಸ್ಟಿಕ್ ಹುಲ್ಲಿನ ಸಣ್ಣ ಮೈದಾನ ಬಂದಿದೆ, ಸಂಜೆ ಲೈಟ್ ಹಾಕಿಕೊಂಡು ಐದೈದು ಜನ ಆಡುತ್ತಾರೆ, ನೋಡಲು ಚೆಂದ. ಅಲ್ಲಿ ಮಿಂಚುವವನನ್ನು ನೋಡಿ ಹನ್ನೊಂದು ಜನರ ಆಟಕ್ಕೆ ಆರಿಸಬೇಡಿ. ಟರ್ಫ್ ಮೇಲೆ ಯಾರೂ 60 ಮೀಟರ್ ಓಡಬೇಕಾಗಿಲ್ಲ, ಚೆಂಡು ಬಲೆಗೆ ಬಡಿದು ವಾಪಸ್ ಬರುತ್ತದೆ. ಅದರ ಬದಲು ಖೋ-ಖೋ, ಕಬಡ್ಡಿ ಆಡಿದ ಹುಡುಗರನ್ನು ನೋಡಿ. ಓಡುತ್ತಾ ಓಡುತ್ತಾ ಫಕ್ಕನೆ ದಿಕ್ಕು ಬದಲಿಸೋದು ಖೋ-ಖೋದವರಿಗೆ ನೀರು ಕುಡಿದಷ್ಟು ಸುಲಭ, ಪ್ರೆಸ್ಸಿಂಗ್‌ಗೆ ಬೇಕಾದದ್ದೂ ಅದೇ. ಗದಗ-ಬೆಟಗೇರಿ ಕಡೆ ಹಾಕಿ ಆಡಿದವರು ಸಿಕ್ಕರೆ ಬಿಡಬೇಡಿ. ಜಾಗ ನೋಡಿ ನಿಲ್ಲೋದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಎಷ್ಟು ಜನ, ಯಾವಾಗ

ಪ್ರೆಸ್ಸಿಂಗ್ ಆಟ ಜನ ತಿನ್ನುತ್ತದೆ. 22 ಜನ ಬೇಕು, ಅದರಲ್ಲೂ ವಿಂಗ್ ಮತ್ತು ಮಿಡ್‌ಫೀಲ್ಡಿಗೆ ಜಾಸ್ತಿ. ಹಿಂದೆ ಕಾದು ಕೂತು, ಚೆಂಡು ಸಿಕ್ಕ ಕೂಡಲೇ ಕೌಂಟರ್ ಹೊಡೆಯುವ ಆಟಕ್ಕೆ 18 ಇದ್ದರೂ ನಡೆಯುತ್ತದೆ. ಟೂರ್ನಮೆಂಟಿನ ನಿಯಮದ ಹಾಳೆ ಮೊದಲೇ ತರಿಸಿಕೊಂಡು ಓದಿ, ಸುಮ್ನೆ ಮಡಚಿ ಜೇಬಿಗೆ ಹಾಕಬೇಡಿ. ಹೊರಗೆ ಹೋದವನು ಮತ್ತೆ ಒಳಗೆ ಬರಬಹುದು ಅಂತಿದ್ದರೆ ಪ್ರೆಸ್ಸಿಂಗ್ ಟೀಮಿಗೆ ಹಬ್ಬ, ಹತ್ತು ಹತ್ತು ನಿಮಿಷಕ್ಕೆ ಮುಂದಿನವರನ್ನು ಬದಲಿಸಬಹುದು. ಮೂರೇ ಬದಲಿ ಅಂತಿದ್ದರೆ ಅದೇ ಆಟ 60ನೇ ನಿಮಿಷಕ್ಕೆ ಉಸಿರು ಬಿಡುತ್ತದೆ.

ನಮ್ಮಲ್ಲಿ ಟ್ರಾನ್ಸ್‌ಫರ್ ವಿಂಡೋ, ಅಂದರೆ ಆಟಗಾರರು ಟೀಮು ಬದಲಿಸಲು ಗೊತ್ತುಮಾಡಿದ ಕಾಲ, ಅಂತ ಬೇರೆ ಇಲ್ಲ. ಪರೀಕ್ಷೆ ಬಂದರೆ ನಾಲ್ಕು ಜನ ಹೋದರು, ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ಇಬ್ಬರು ಹೋದರು, ಗಣಪತಿ ಕೂರಿಸಿದರೆ ಹನ್ನೊಂದು ದಿನ ಯಾರೂ ಇಲ್ಲ. ರೈಲ್ವೆಯಲ್ಲಿ ಕೆಲಸ ಮಾಡುವವರಿಗೆ ಶಿಫ್ಟ್. ಹಾಗಾಗಿ ಪ್ರತಿ ಕೆಲಸಕ್ಕೆ ಎರಡು ಹೆಸರು ಹಾಕುವಾಗ ಇಬ್ಬರೂ ಒಂದೇ ಕಾಲೇಜಿನವರಾಗಿರದಂತೆ ನೋಡಿಕೊಳ್ಳಿ. ನಾವು ಇಬ್ಬರು ಸೆಂಟರ್ ಬ್ಯಾಕ್‌ಗಳನ್ನೂ ಒಂದೇ ಸೆಮಿಸ್ಟರ್ ಪರೀಕ್ಷೆಗೆ ಕಳೆದುಕೊಂಡವರು.

ಎಲ್ಲರನ್ನೂ ಒಂದೇ ಸಲ ಬದಲಿಸಬೇಡಿ. ವರ್ಷಕ್ಕೆ ಮೂರು ಹೊಸ ಮುಖ ಸಾಕು: ಗೋಲಿ ಅಥವಾ ಸೆಂಟರ್ ಬ್ಯಾಕ್ ಒಬ್ಬ, ಫುಲ್ ಬ್ಯಾಕ್ ಒಬ್ಬ, ಮಧ್ಯದಲ್ಲಿ ಚೆಂಡು ಹಂಚುವವನೊಬ್ಬ. ಕೋಚ್ ಆರು ತಿಂಗಳಿಗೇ ಬಿಟ್ಟು ಹೋದರೂ ಈ ಮೂವರು ಯಾರ ಆಟಕ್ಕೂ ಬೇಕಾಗುತ್ತಾರೆ. ಆ ಕೋಚ್ ಒಬ್ಬರಿಗೇ ಹೊಂದುವ ವಿಚಿತ್ರ ಆಟಗಾರನಿಗೆ ದುಡ್ಡು ಹಾಕೋದು ಕೊನೆಗೆ.

ಮಳೆ ಬಂದರೆ

ಈಗ ನಮ್ಮ ಮಣ್ಣಿನ ವಿಷಯ. ಯುರೋಪಿನ ಮ್ಯಾಚ್ ನೋಡಿ ಟೀಮು ಕಟ್ಟುವವರು ಮರೆಯೋದು ಇದನ್ನೇ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ನೀರು ಬೇಗ ಇಳಿಯುತ್ತದೆ. ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಬಂದರೆ ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಚೆಂಡು ಎಲ್ಲಿ ಪುಟಿಯುತ್ತದೆ ಅಂತ ಗೊತ್ತಾಗಲ್ಲ, ಜುಲೈನಲ್ಲಿ ಬೂಟಿಗೆ ಎರಡು ಕಿಲೋ ಮಣ್ಣು ಅಂಟುತ್ತದೆ. ನೆಲದ ಮೇಲೆ ಹತ್ತು ಮೀಟರ್ ಪಾಸ್ ಕೊಟ್ಟರೆ ಏಳನೇ ಮೀಟರಿಗೆ ಕೆಸರಲ್ಲಿ ಕೂತುಬಿಡುತ್ತದೆ. ಆ ದಿನ ಗಾರ್ಡಿಯೋಲಾನೇ ಬಂದರೂ ಎತ್ತಿ ಒದೆಯಿರಿ ಅಂತಾನೆ.

ಅದಕ್ಕೆ ನಮ್ಮ ಹಾಳೆಯಲ್ಲಿ ಹನ್ನೊಂದು ಸಾಲಿನ ಕೆಳಗೆ ಇನ್ನೂ ಮೂರು ಸಾಲು ಇವೆ, ಮೇಲೆ "ಮಳೆ" ಅಂತ ಬರೆದಿದೆ. ಎತ್ತರದ ಸ್ಟ್ರೈಕರ್ ಒಬ್ಬ, ಗಟ್ಟಿ ಸ್ಟಾಪರ್ ಒಬ್ಬ, ದೂರಕ್ಕೆ ಥ್ರೋ ಹಾಕುವವನೊಬ್ಬ. ಮೊದಲ ಸಾಲಿಗೆ ಹಾಕಿದ ಹೆಸರು ನಮ್ಮ ಹಳೇ ಕ್ಯಾಪ್ಟನ್‌ದು. ಹತ್ತು ವರ್ಷ ನಮ್ಮ ಟೀಮಿಗೆ ಗೋಲು ಹೊಡೆದವನು, ಹೊಸ ಆಟದಲ್ಲಿ ಜಾಗ ಕಳೆದುಕೊಂಡವನು.

ಅವನಿಗೆ ಈ ಸುದ್ದಿ ಹೇಳಬೇಕಾದವನು ನಾನೇ. ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ತುಂಬಿದ ಬಸ್ಸಿನಲ್ಲಿ, ಟೀಮಿನ ಇಬ್ಬರು ಹುಡುಗರು ಪಕ್ಕದಲ್ಲೇ ನಿಂತಿರುವಾಗ, ಮಾತಿಗೆ ಮಾತು ಬಂದು ಹೇಳಿಬಿಟ್ಟೆ. ಅವನು ಉಣಕಲ್ ಹತ್ತಿರ ಇಳಿದುಹೋದ, ಎರಡು ವಾರ ಫೋನ್ ಎತ್ತಲಿಲ್ಲ. ಆಮೇಲೆ ಕೋಚ್ ಅವನ ಮನೆಗೇ ಹೋಗಿ, ಆ ಹಾಳೆ ಬಿಚ್ಚಿ, ಹನ್ನೊಂದು ಸಾಲೂ ಓದಿ ತೋರಿಸಿ, ಯಾವ ಸಾಲಿನ ಕೆಲಸ ನಿನ್ನಿಂದ ಆಗುತ್ತದೆ ನೀನೇ ಹೇಳು ಅಂದರಂತೆ. ಅವನು ಸುಮಾರು ಹೊತ್ತು ನೋಡಿ ಕೆಳಗಿನ "ಮಳೆ" ಸಾಲಿನ ಮೇಲೆ ಬೆರಳಿಟ್ಟನಂತೆ.

ಕಳೆದ ಜುಲೈನ ಒಂದು ಮ್ಯಾಚಿನಲ್ಲಿ ಕೊನೆಯ 25 ನಿಮಿಷ ಅವನನ್ನು ಇಳಿಸಿದೆವು. ಗೋಲೇನೂ ಬರಲಿಲ್ಲ, ಮ್ಯಾಚ್ ಡ್ರಾ ಆಯಿತು, ಆದರೆ ಚೆಂಡು ಅರ್ಧ ಗೆರೆಯಿಂದ ಈಚೆ ಬಂದದ್ದು ಕಮ್ಮಿ. ಈಗ ಮ್ಯಾಚ್ ದಿನ ಬೆಳಿಗ್ಗೆ ಜಿಟಿಜಿಟಿ ಶುರುವಾದರೆ ಮೊದಲ ಫೋನ್ ಅವನದೇ ಬರುತ್ತದೆ: "ಸರ, ಮಳಿ ಹತ್ತೇತಿ. ಉದ್ದನ ಸ್ಟಡ್ಡಿನ ಬೂಟ ತರ್ಲೇನು?"